ಗಿಡದ ಕಷ್ಟವನ್ನು ಗ್ರೂಪಿನಲ್ಲಿ ಕೇಳುವ ಬಗೆ

ಬೇಸಿಗೆ ಬಂತೆಂದರೆ ತಾರಸಿ ತೋಟದ ಗ್ರೂಪುಗಳಲ್ಲಿ ಒಂದು ಪ್ರಶ್ನೆ ತಪ್ಪುವುದಿಲ್ಲ. “ಅವರೆ ಬಳ್ಳಿ ಚಪ್ಪರದ ತುಂಬಾ ಹಬ್ಬಿದೆ, ಒಂದೇ ಒಂದು ಹೂವಿಲ್ಲ. ಯಾವ ಗೊಬ್ಬರ ಹಾಕಲಿ?” ಇದನ್ನೇ ಹೊರದೇಶದವರು ಹೆಚ್ಚಿರುವ ದೊಡ್ಡ ಇಂಗ್ಲಿಷ್ ಗ್ರೂಪಿನಲ್ಲಿ ಕೇಳಿದರೆ, ಸಾರಜನಕ ಜಾಸ್ತಿಯಾಗಿದೆ, ರಂಜಕ ಕೊಡಿ, ಮೂಳೆ ಗೊಬ್ಬರ ಹಾಕಿ ಅನ್ನುತ್ತಾರೆ. ಮಾಮೂಲಿ ಬೀನ್ಸಿಗೆ ಅದು ಸರಿಯಾದ ಮಾತು. ಬೆಂಗಳೂರಿನವರ ಗ್ರೂಪಿನಲ್ಲಿ ಕೇಳಿದರೆ ಮೊದಲು ಮರುಪ್ರಶ್ನೆ ಬರುತ್ತದೆ: “ಬೀಜ ಯಾವಾಗ ಹಾಕಿದ್ರಿ? ನಾಟಿ ಅವರೆನಾ?” ಸಂಕ್ರಾಂತಿ ಹೊತ್ತಿಗೆ ಅವರೆಕಾಯಿ ಸುಲಿಯುವಾಗ ಸಿಕ್ಕ ಬಲಿತ ಕಾಳನ್ನು ಕುಂಡಕ್ಕೆ ಊರಿದ್ದು ಅಂತ ಗೊತ್ತಾದರೆ ಅಲ್ಲಿಗೆ ಉತ್ತರ ಸಿಕ್ಕಂತೆಯೇ. ಸೊಗಡಿನ ನಾಟಿ ಅವರೆ ಹಗಲು ಚಿಕ್ಕದಾಗುತ್ತಾ ಬಂದಾಗ ಮಾತ್ರ ಹೂ ಬಿಡುವಂಥದ್ದು. ಮುಂಗಾರಿನಲ್ಲಿ ಬಿತ್ತಿ, ಚಳಿ ಶುರುವಾಗುವಾಗ ಹೂ ನೋಡಿ, ಧನುರ್ಮಾಸದಲ್ಲಿ ಕಾಯಿ ಬಿಡಿಸಬೇಕು. ಏಪ್ರಿಲ್‌ನಲ್ಲಿ ಅದಕ್ಕೆ ಯಾವ ಗೊಬ್ಬರ ಸುರಿದರೂ ಸೊಪ್ಪು ಹೆಚ್ಚುತ್ತದೆಯೇ ಹೊರತು ಹೂ ಬರುವುದಿಲ್ಲ. ಉಳಿದ ಕಾಲದಲ್ಲೂ ಅವರೆ ಬೇಕೆನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4 ತಳಿಗಳಿವೆ. ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ.

ಆನ್‌ಲೈನ್ ಗ್ರೂಪುಗಳ ಬೆಲೆ ನನಗೆ ಕಾಣುವುದು ಇಂಥ ಕಡೆ. ನಿಮ್ಮದೇ ಊರಿನ ಬಿಸಿಲಿನಲ್ಲಿ, ನಿಮ್ಮದೇ ನಲ್ಲಿ ನೀರಿನಲ್ಲಿ ಅದೇ ಗಿಡ ಬೆಳೆಸಿದವರು ಅಲ್ಲಿ ಇರುತ್ತಾರೆ, ಕೇಳಿದರೆ ಹೇಳುತ್ತಾರೆ, ದುಡ್ಡು ಕೇಳುವುದಿಲ್ಲ. ಆದರೆ ಕೇಳುವುದಕ್ಕೂ ಒಂದು ಕ್ರಮ ಇದೆ. ಸಿಕ್ಕ ಉತ್ತರಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೂ ಇದೆ.

ನಾನು ಬೆಂಗಳೂರಿನ ಹನುಮಂತನಗರದವಳು. ಟೆರೇಸಿನ ಅರ್ಧ ಭಾಗ ಸೋಲಾರ್, ಸಿಂಟೆಕ್ಸ್ ಟ್ಯಾಂಕು, ಬಟ್ಟೆ ಒಣಹಾಕುವ ತಂತಿಗೆ ಹೋಗಿದೆ. ಉಳಿದರ್ಧದಲ್ಲಿ ಕುಂಡ, ಗ್ರೋ ಬ್ಯಾಗು, ಹಳೇ ಪೇಂಟ್ ಬಕೆಟ್ಟು. ಮನೆಗೆ ಬೇಕಾದ ಸೊಪ್ಪು, ಹಸಿಮೆಣಸಿನಕಾಯಿ ಅಲ್ಲೇ ಆಗುತ್ತದೆ. ಟೊಮೇಟೊ, ಹೀರೆ, ಬದನೆ ಕಾಲಕಾಲಕ್ಕೆ. ನಮ್ಮ ಕಡೆಯ ತೋಟಗಾರರ ಒಂದು ವಾಟ್ಸಾಪ್ ಗ್ರೂಪನ್ನು ಇನ್ನಿಬ್ಬರ ಜೊತೆ ಸೇರಿ ನೋಡಿಕೊಳ್ಳುತ್ತಿದ್ದೇನೆ. ಬೆಳಗಿನ ಕಾಫಿ ಹೊತ್ತಿಗೆ ಓದುವುದೆಲ್ಲ ಬೇರೆಯವರ ಗಿಡಗಳ ಕಷ್ಟಸುಖ. ಯಾವ ಪ್ರಶ್ನೆಗೆ ಹತ್ತು ಜನ ಓಡಿ ಬರುತ್ತಾರೆ, ಯಾವುದು ಯಾರ ಕಣ್ಣಿಗೂ ಬೀಳದೆ ಗುಡ್ ಮಾರ್ನಿಂಗ್ ಮೆಸೇಜುಗಳ ಕೆಳಗೆ ಹೂತು ಹೋಗುತ್ತದೆ ಅಂತ ನೋಡುತ್ತಾ ಬಂದವಳಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಿ ಕೇಳುವುದು

ಬೆಂಗಳೂರಿನವರು ಈ ವಿಷಯದಲ್ಲಿ ಪುಣ್ಯವಂತರು. ಮನೆ ಮೇಲೆ ತರಕಾರಿ ಬೆಳೆಯಬಹುದು ಅನ್ನುವುದನ್ನು ಈ ಊರಿನ ಜನರಿಗೆ ತರಗತಿ ತರಗತಿಯಾಗಿ ಕಲಿಸಿದವರಲ್ಲಿ ಕೀಟಶಾಸ್ತ್ರಜ್ಞ ಡಾ. ಬಿ.ಎನ್. ವಿಶ್ವನಾಥ್ ಮುಖ್ಯರು. ಆಮೇಲೆ ಫೇಸ್‌ಬುಕ್‌ನಲ್ಲಿ ‘ಆರ್ಗ್ಯಾನಿಕ್ ಟೆರೇಸ್ ಗಾರ್ಡನಿಂಗ್’ ಗ್ರೂಪು ಬೆಳೆಯಿತು. 2011ರಿಂದ ‘ಊಟ ಫ್ರಮ್ ಯುವರ್ ತೋಟ’ ಅನ್ನುವ ಮೇಳ ಬೇರೆ ಬೇರೆ ಬಡಾವಣೆಗಳಲ್ಲಿ ನಡೆಯತೊಡಗಿತು. ಹಾಗಾಗಿ ಇಲ್ಲಿ ಅನುಭವಸ್ಥರ ಕೊರತೆ ಇಲ್ಲ.

ನನ್ನ ಸಲಹೆ, ಎರಡು ಕಡೆ ಇರಿ. ಒಂದು, ಊರಿನ ಮಟ್ಟದ ದೊಡ್ಡ ಗ್ರೂಪು. ಅದರಲ್ಲಿ ಹಳೇ ಪೋಸ್ಟುಗಳು ಉಳಿದಿರುತ್ತವೆ, ಹುಡುಕಬಹುದು. ಇನ್ನೊಂದು, ನಿಮ್ಮ ಬಡಾವಣೆಯ ಚಿಕ್ಕ ಗ್ರೂಪು. ಚಿಕ್ಕದರಲ್ಲಿ ಜನ ಕಡಿಮೆ, ಆದರೆ ಉತ್ತರ ಕೊಟ್ಟವರು ನಾಲ್ಕು ರಸ್ತೆ ಆಚೆ ಇರುತ್ತಾರೆ. “ಸಂಜೆ ಬನ್ನಿ, ಒಂದು ಹಿಡಿ ಟ್ರೈಕೋಡರ್ಮಾ (ಬೇರು ಕೊಳೆಯುವುದನ್ನು ತಡೆಯುವ ಶಿಲೀಂಧ್ರದ ಪುಡಿ) ಕೊಡ್ತೀನಿ” ಅನ್ನುವ ಮಾತು ಅಲ್ಲಿ ಮಾತ್ರ ಬರುವುದು. ಗುಲಾಬಿ, ಅಡೀನಿಯಂ, ಆರ್ಕಿಡ್ ಅಂತ ಒಂದೇ ಗಿಡದ ಹಿಂದೆ ಬಿದ್ದವರಿಗೆ ಆಯಾ ಗಿಡದ್ದೇ ಗ್ರೂಪುಗಳಿವೆ. ಅವುಗಳಲ್ಲಿ ದೇಶದ ಬೇರೆ ಭಾಗದವರೇ ಹೆಚ್ಚು ಸಿಗಬಹುದು. ದೆಹಲಿಯವರ ಚಳಿಗಾಲದ ಮಾತನ್ನು ಕೇಳಿ ಇಲ್ಲಿ ಗುಲಾಬಿಯ ರೆಂಬೆ ಕತ್ತರಿಸುವ ಮುನ್ನ ಊರಿನವರನ್ನು ಒಂದು ಮಾತು ಕೇಳಿ.

ಸೇರಿದ ದಿನವೇ ಪ್ರಶ್ನೆ ಹಾಕಲೇಬೇಕು ಅಂತಿಲ್ಲ. ಮೊದಲು ಹುಡುಕಿ. ‘ಮೆಣಸಿನ ಗಿಡ’, ‘ಮುಟುರು’, ‘ಹಿಟ್ಟು ತಿಗಣೆ’ ಅಂತ ಕನ್ನಡದಲ್ಲೂ ಹುಡುಕಿ, ಅದೇ ಮಾತನ್ನು ಇಂಗ್ಲಿಷ್ ಹೆಸರಿನಲ್ಲೂ ಹುಡುಕಿ, ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಬಹಳ ಇರುವುದರಿಂದ ಹಾಗೂ ಹುಡುಕಿ. ಉತ್ತರ ಸಿಕ್ಕರೆ ಕೆಲಸ ಮುಗಿಯಿತು. ಸಿಗದಿದ್ದರೂ ಯಾರ ಉತ್ತರಗಳು ನಂಬುವಂತಿವೆ ಅನ್ನುವುದು ಹುಡುಕುತ್ತಾ ಹುಡುಕುತ್ತಾ ಗೊತ್ತಾಗಿರುತ್ತದೆ.

ಪ್ರಶ್ನೆಯೊಳಗೆ ಏನಿರಬೇಕು

ಇದೇ ಎಲ್ಲಕ್ಕಿಂತ ಮುಖ್ಯ, ಆದ್ದರಿಂದ ಇದನ್ನು ವಿವರವಾಗಿ ಹೇಳುತ್ತೇನೆ. ನಮ್ಮ ಗ್ರೂಪಿನ ಒಂದು ಸಂಭಾಷಣೆ ನೋಡಿ. ಕೇಳಿದವನು ಹೊಸದಾಗಿ ಸೇರಿದ ಹುಡುಗ, ಪಿಜಿಯ ಮೇಲೆ ಓನರ್ ಅನುಮತಿ ತಗೊಂಡು ಕುಂಡ ಇಟ್ಟವನು.

“ಅಕ್ಕ, ಮೆಣಸಿನ ಗಿಡದ ಎಲೆ ಮುದುಡ್ತಾ ಇದೆ. ಏನು ಹೊಡೀಲಿ?”

“ಎಲೆ ಅಂಚು ಮೇಲಕ್ಕೆ ಮುದುಡಿದ್ಯಾ, ಕೆಳಕ್ಕಾ?”

“ಅದರಲ್ಲೇನಕ್ಕ ವ್ಯತ್ಯಾಸ?”

“ಔಷಧಿನೇ ಬೇರೆ ಆಗತ್ತಪ್ಪ. ಎಲೆ ತಿರುಗಿಸಿ ಹಿಂಭಾಗದ ಫೋಟೊ ಹಾಕು.”

ವ್ಯತ್ಯಾಸ ಇಷ್ಟಿದೆ. ಎಲೆಯ ಅಂಚು ಮೇಲಕ್ಕೆ ಮಡಚಿಕೊಂಡು ದೋಣಿಯ ಆಕಾರಕ್ಕೆ ಬಂದಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಕಾಟ. ಕುಡಿಯ ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದರೆ ಒಂದು-ಎರಡು ಮಿಲಿಮೀಟರ್ ಉದ್ದದ, ಚೂರು ದಾರದಂಥ ಸಣ್ಣ ಹುಳುಗಳು ಕಾಗದದ ಮೇಲೆ ಹರಿದಾಡುವುದು ಕಾಣುತ್ತದೆ. ಅಂಚು ಕೆಳಕ್ಕೆ ಮಡಚಿ, ಎಲೆ ಬೋರಲು ಬಿದ್ದಂತೆ ಆಗಿ, ಹಿಂಭಾಗ ಕಂದು ಹೊಳಪಿಗೆ ತಿರುಗಿದ್ದರೆ ಅದು ನುಸಿ. ನುಸಿ ಬರಿಗಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಅದು ಕೀಟವೂ ಅಲ್ಲ, ಎಂಟು ಕಾಲಿನದು, ಜೇಡನ ಬಳಗ. ಹಾಗಾಗಿ ಕೀಟಕ್ಕೆಂದು ಮಾರುವ ಎಷ್ಟೋ ಔಷಧಿಗಳು ಅದಕ್ಕೆ ನಾಟುವುದಿಲ್ಲ. ಇನ್ನು ಮೂರನೆಯದು, ಎಲೆಗಳು ತೀರಾ ಚಿಕ್ಕದಾಗಿ, ಗಂಟುಗಂಟಾಗಿ, ನರಗಳ ನಡುವೆ ಹಳದಿಯಾಗಿ ಗಿಡ ಕುಳ್ಳಗೆ ನಿಂತುಬಿಟ್ಟಿದ್ದರೆ, ಅಲ್ಲಾಡಿಸಿದಾಗ ಬಿಳಿ ನೊಣ ಎದ್ದರೆ, ಅದು ವೈರಸ್ ಇರುವ ಸಾಧ್ಯತೆ ಹೆಚ್ಚು. ಅದಕ್ಕೆ ಯಾವ ಸಿಂಪಡಣೆಯೂ ಇಲ್ಲ. ಗಿಡ ಕಿತ್ತು, ಕವರಿನಲ್ಲಿ ಕಟ್ಟಿ ಹೊರಗೆ ಹಾಕಿ, ಪಕ್ಕದ ಗಿಡಗಳನ್ನು ಉಳಿಸಿಕೊಳ್ಳಬೇಕು.

ಥ್ರಿಪ್ಸ್‌ಗೆ ನೀಲಿ ಅಂಟು ಹಾಳೆ, ಬಿಳಿ ನೊಣಕ್ಕೆ ಹಳದಿ ಅಂಟು ಹಾಳೆ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಅದನ್ನು ಮೊದಲು ಕೆಲವು ಹನಿ ದ್ರವ ಸೋಪಿನಲ್ಲಿ ಚೆನ್ನಾಗಿ ಕಲಸಿ ಆಮೇಲೆ ನೀರಿಗೆ ಹಾಕಿ, ಸಂಜೆ ಹೊತ್ತು ಎಲೆಯ ಹಿಂಭಾಗ ನೆನೆಯುವಂತೆ ಹೊಡೆದರೆ ಥ್ರಿಪ್ಸ್, ನುಸಿ ಎರಡೂ ಸ್ವಲ್ಪ ಹತೋಟಿಗೆ ಬರುತ್ತವೆ. ನುಸಿ ಜೋರಾಗಿದ್ದರೆ ನೀರಿನಲ್ಲಿ ಕರಗುವ ಗಂಧಕ ಕೆಲಸ ಮಾಡುತ್ತದೆ, ಆದರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಡುತ್ತದೆ. ನೋಡಿ, ಈ ಕೊನೆಯ ಮಾತು ಹೇಳಬೇಕಾದರೆ ನೀವು ಈಗಾಗಲೇ ಏನು ಹೊಡೆದಿದ್ದೀರಿ ಅಂತ ಉತ್ತರ ಹೇಳುವವರಿಗೆ ಗೊತ್ತಿರಬೇಕು. ‘ಎಲೆ ಮುದುಡ್ತಿದೆ’ ಅನ್ನುವ ಎರಡು ಪದದಲ್ಲಿ ಇದ್ಯಾವುದೂ ಇಲ್ಲ.

ಆದ್ದರಿಂದ ಫೋಟೊ ಒಂದೇ ಹಾಕಬೇಡಿ. ಇಡೀ ಗಿಡ ಕುಂಡದ ಸಮೇತ ಕಾಣುವಂಥದ್ದು ಒಂದು, ತೊಂದರೆ ಇರುವ ಎಲೆಯ ಮುಂಭಾಗ, ಅದೇ ಎಲೆಯ ಹಿಂಭಾಗ, ಕಾಂಡ ಮಣ್ಣಿಗೆ ಸೇರುವ ಜಾಗ. ಪಕ್ಕದಲ್ಲಿ ಒಂದು ಒಳ್ಳೇ ಎಲೆಯನ್ನೂ ಇಟ್ಟು ತೆಗೆದರೆ ಹೋಲಿಸಲು ಸುಲಭ. ಉರಿ ಬಿಸಿಲಿನಲ್ಲಿ ತೆಗೆದ ಫೋಟೊದಲ್ಲಿ ಹಳದಿಯೂ ಹಸಿರೂ ಒಂದೇ ಥರ ಬೆಳ್ಳಗೆ ಕಾಣುತ್ತವೆ. ಬೆಳಗ್ಗೆ ಎಂಟರೊಳಗೆ, ಇಲ್ಲವಾದರೆ ನೆರಳಿನಲ್ಲಿ ಹಿಡಿದು ತೆಗೆಯಿರಿ. ರಾತ್ರಿ ಟ್ಯೂಬ್‌ಲೈಟಿನ ಕೆಳಗಿನ ಫೋಟೊ ನೋಡಿ ಯಾರೂ ಏನೂ ಹೇಳಲಾರರು. ಹುಳು ಇದ್ದರೆ ಮೊಬೈಲಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸು ಬಹಳ ಉಪಯೋಗ.

‘ಎಲೆ ಹಳದಿ’ ಅನ್ನುವಾಗಲೂ ಯಾವ ಎಲೆ ಅಂತ ಹೇಳಬೇಕು. ಬುಡದ ಹಳೇ ಎಲೆಗಳು ಪೂರ್ತಿ ಹಳದಿಯಾಗುತ್ತಾ ಬಂದರೆ ಹೆಚ್ಚಾಗಿ ಸಾರಜನಕದ ಕೊರತೆ. ತುದಿಯ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಬೋರ್ ನೀರು ಹಾಕುವ ಮನೆಗಳ ಕರಿಬೇವಿನ ಗಿಡದಲ್ಲಿ ಈ ಎರಡನೆಯದನ್ನು ನಾನು ಬಹಳ ನೋಡಿದ್ದೇನೆ. ಗಡಸು ನೀರಿನಿಂದ ಮಣ್ಣು ಕ್ಷಾರದ ಕಡೆ ವಾಲಿದಾಗ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರು ಅದನ್ನು ಹೀರಿಕೊಳ್ಳಲಾರದು. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಅದೂ ಫೋಟೊದಲ್ಲಿ ಬರಲಿ. ಕಾವೇರಿ ನೀರೋ, ಬೋರ್ ನೀರೋ, ಟ್ಯಾಂಕರ್ ನೀರೋ, ಮಳೆ ನೀರು ಹಿಡಿದದ್ದೋ ಅಂತ ಒಂದು ಪದ ಬರೆಯಲು ಮರೆಯಬೇಡಿ. ಬೆಂಗಳೂರಿನಲ್ಲಿ ಇದಿಲ್ಲದೆ ಗಿಡದ ವಿಷಯ ಮಾತಾಡುವುದು ಕಷ್ಟ.

ಬಿಸಿಲಿನ ಲೆಕ್ಕವೂ ಹಾಗೆಯೇ. “ಚೆನ್ನಾಗಿ ಬಿಸಿಲು ಬೀಳುತ್ತೆ” ಅನ್ನುವುದು ಸಾಲದು. ಎಷ್ಟು ಗಂಟೆ, ಬೆಳಗಿನದೋ ಮಧ್ಯಾಹ್ನದ್ದೋ, ಯಾವ ದಿಕ್ಕಿಗೆ ಎತ್ತರದ ಕಟ್ಟಡ ಇದೆ, ಇದು ಯಾವ ತಿಂಗಳ ಮಾತು. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲು ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಅವೇ ನಮ್ಮ ಶೂನ್ಯ ನೆರಳಿನ ದಿನಗಳು. ಅವೆರಡರ ನಡುವೆ ಸೂರ್ಯ ನೆತ್ತಿಗಿಂತ ಸ್ವಲ್ಪ ಉತ್ತರಕ್ಕೆ. ಡಿಸೆಂಬರ್ ಕೊನೆಗೆ ಬಂದರೆ ದಕ್ಷಿಣಕ್ಕೆ ಸುಮಾರು 36 ಡಿಗ್ರಿ ವಾಲಿರುತ್ತಾನೆ. ಅಂದರೆ ನಿಮ್ಮ ಟೆರೇಸಿನ ದಕ್ಷಿಣಕ್ಕೆ ಪಕ್ಕದ ಮನೆಯವರು ಇನ್ನೊಂದು ಮಹಡಿ ಎಬ್ಬಿಸಿ, ಗೋಡೆ ನಿಮ್ಮ ಟೆರೇಸಿಗಿಂತ 10 ಅಡಿ ಮೇಲೆ ಹೋದರೆ, ಡಿಸೆಂಬರಿನ ನಡುಮಧ್ಯಾಹ್ನಕ್ಕೂ 7 ಅಡಿಗೆ ಮೇಲ್ಪಟ್ಟ ನೆರಳು ಬೀಳುತ್ತದೆ. ಮೇ ತಿಂಗಳಿನಲ್ಲಿ ಅದೇ ಜಾಗಕ್ಕೆ ಭರ್ತಿ ಬಿಸಿಲು. “ಬೇಸಿಗೆಯಲ್ಲಿ ಚೆನ್ನಾಗಿದ್ದ ಬದನೆ ಗಿಡ ಈಗ ಹೂವೇ ಬಿಡ್ತಿಲ್ಲ” ಅನ್ನುವ ಪ್ರಶ್ನೆಗೆ ಎಷ್ಟೋ ಸಲ ಇದೇ ಉತ್ತರ, ಕುಂಡವನ್ನು ಉತ್ತರದ ಪ್ಯಾರಾಪೆಟ್ ಕಡೆ ಜರುಗಿಸಿದರೆ ಸಾಕಾಗುತ್ತದೆ. ಆದರೆ ದಿಕ್ಕು, ತಿಂಗಳು ಬರೆದಿದ್ದರೆ ತಾನೇ ಇನ್ನೊಬ್ಬರಿಗೆ ಅದು ಹೊಳೆಯುವುದು?

ಎಲ್ಲ ಸೇರಿಸಿದರೆ ಒಳ್ಳೇ ಪ್ರಶ್ನೆ ಹೀಗಿರುತ್ತದೆ:

“ವಿಜಯನಗರ. 12 ಇಂಚಿನ ಗ್ರೋ ಬ್ಯಾಗಿನಲ್ಲಿ ಟೊಮೇಟೊ, ಸಸಿ ನೆಟ್ಟು ಎರಡು ತಿಂಗಳು. ಕೆಂಪು ಮಣ್ಣು, ಕೊಕೊಪೀಟ್, ಎರೆಹುಳು ಗೊಬ್ಬರ ಸಮಪಾಲು. ಬೆಳಗ್ಗೆ 8ರಿಂದ 1ರವರೆಗೆ ಬಿಸಿಲು. ಕಾವೇರಿ ನೀರು, ವಾರದ ದಿನ ಒಂದು ಹೊತ್ತು, ಶನಿವಾರ ಭಾನುವಾರ ಊರಿಗೆ ಹೋದರೆ ಇಲ್ಲ. ಹದಿನೈದು ದಿನಕ್ಕೊಮ್ಮೆ ಕಡಲೆಕಾಯಿ ಹಿಂಡಿ ನೀರು. ಕಾಯಿಯ ತಳ ಕಪ್ಪಾಗಿ ಒಳಕ್ಕೆ ಕುಸಿಯುತ್ತಿದೆ. ಎಲೆ ಆರೋಗ್ಯವಾಗಿದೆ. ಔಷಧಿ ಏನೂ ಹೊಡೆದಿಲ್ಲ. ಫೋಟೊ ನಾಲ್ಕು ಹಾಕಿದ್ದೇನೆ.”

ಅದರಲ್ಲಿ ‘ಶನಿವಾರ ಭಾನುವಾರ ಊರಿಗೆ ಹೋದರೆ ಇಲ್ಲ’ ಅನ್ನುವ ಮಾತನ್ನು ಹಿಡಿದುಕೊಂಡೇ ತಿಳಿದವರು ಉತ್ತರ ಹೇಳಿಬಿಡುತ್ತಾರೆ. ಯಾಕೆ ಅಂತ ಈಗ ನೋಡೋಣ.

ಉತ್ತರಗಳಲ್ಲಿ ಆರಿಸುವುದು

ಈ ಟೊಮೇಟೊ ಪ್ರಶ್ನೆಗೆ ಬರುವ ಉತ್ತರಗಳು ಹೆಚ್ಚುಕಡಿಮೆ ಹೀಗಿರುತ್ತವೆ. ಒಬ್ಬರು, “ಕ್ಯಾಲ್ಸಿಯಂ ಕಡಿಮೆ, ಮೊಟ್ಟೆ ಚಿಪ್ಪು ಪುಡಿ ಮಾಡಿ ಹಾಕಿ.” ಇನ್ನೊಬ್ಬರು, “ಶಿಲೀಂಧ್ರ, ಸಾಫ್ ಹೊಡೀರಿ.” ಮತ್ತೊಬ್ಬರು, “ಎಪ್ಸಮ್ ಸಾಲ್ಟ್ ಒಂದು ಚಮಚ.” ನಾಲ್ಕನೆಯವರು, “ಮೇಡಂ, ವಾರದ ಕೊನೆಗೆ ಎರಡು ದಿನ ನೀರು ತಪ್ಪಿ ಏರುಪೇರಾಗ್ತಿದೆ. ಮಣ್ಣಿನ ಮೇಲೆ ಒಣ ಎಲೆ ಮುಚ್ಚಿ, ದಿನಾ ಒಂದೇ ಹದಕ್ಕೆ ನೀರು ಕೊಡಿ. ಕಪ್ಪಾಗಿರೋ ಕಾಯಿ ಕಿತ್ತುಹಾಕಿ, ಮುಂದಿನ ಗೊಂಚಲು ನೋಡಿ.”

ಮೊದಲನೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಕಾಯಿಯ ತಳಕ್ಕೆ ಕ್ಯಾಲ್ಸಿಯಂ ತಲುಪದಿರುವುದರಿಂದಲೇ ಅಲ್ಲಿ ಕೊಳೆಯುವುದು. ಆದರೆ ಕ್ಯಾಲ್ಸಿಯಂ ಗಿಡದೊಳಗೆ ನೀರಿನ ಜೊತೆ ಏರುವಂಥದ್ದು. ನೀರು ನಿಂತು ನಿಂತು ಬಂದರೆ, ಮಣ್ಣಿನಲ್ಲಿ ಎಷ್ಟಿದ್ದರೂ ಕಾಯಿಗೆ ಹೋಗುವುದಿಲ್ಲ. ಮೊಟ್ಟೆ ಚಿಪ್ಪು ಕರಗುವುದು ಬಹಳ ನಿಧಾನ, ಈ ಫಸಲಿಗೆ ಅದರ ನೆರವು ಸಿಗುವುದು ಸಂದೇಹ. ಎಪ್ಸಮ್ ಸಾಲ್ಟಿನಲ್ಲಿರುವುದು ಮೆಗ್ನೀಸಿಯಂ, ಅದು ಜಾಸ್ತಿಯಾದರೆ ಕ್ಯಾಲ್ಸಿಯಂ ಹೀರಿಕೊಳ್ಳುವುದಕ್ಕೆ ಇನ್ನಷ್ಟು ಅಡ್ಡಿ. ಶಿಲೀಂಧ್ರನಾಶಕ ಇಲ್ಲಿ ಬೇಕೇ ಇಲ್ಲ, ಯಾಕೆಂದರೆ ಇದು ರೋಗವೇ ಅಲ್ಲ.

ನಾಲ್ಕನೆಯ ಉತ್ತರವನ್ನು ಗುರುತಿಸುವುದು ಹೇಗೆ? ಅದು ನೀವು ಬರೆದದ್ದನ್ನು ಓದಿ ಬರೆದ ಉತ್ತರ. ನಿಮ್ಮ ವಿವರದಲ್ಲಿರುವ ಒಂದು ಸಂಗತಿಯನ್ನು ಹಿಡಿದು ಕಾರಣ ಹೇಳುತ್ತದೆ, ಏನು ಮಾಡಬೇಕು, ಆಮೇಲೆ ಏನನ್ನು ಗಮನಿಸಬೇಕು ಅಂತಲೂ ಹೇಳುತ್ತದೆ. ಯಾರ ಗಿಡಕ್ಕಾದರೂ ಅಂಟಿಸಬಹುದಾದ ಉತ್ತರವನ್ನು ನಾನು ಕೊನೆಗಿಡುತ್ತೇನೆ. ಕಾಫಿ ಚರಟದ ಸಲಹೆ ಅಂಥದ್ದು. ನಮ್ಮ ಮನೆಗಳಲ್ಲಿ ದಿನಾ ಫಿಲ್ಟರ್ ಇಳಿಸುವುದರಿಂದ ಚರಟ ಬೇಕಾದಷ್ಟು, ಎಲ್ಲ ಗಿಡಕ್ಕೂ ಅದನ್ನೇ ಹಾಕಿ ಅನ್ನುವವರು ಬಹಳ ಮಂದಿ. ಹಸಿ ಚರಟವನ್ನು ದಪ್ಪಗೆ ಹಾಕಿದರೆ ಮೇಲೆ ಹಪ್ಪಳ ಕಟ್ಟಿ ನೀರು ಇಳಿಯುವುದಿಲ್ಲ, ಎಳೇ ಸಸಿಗಳ ಬೆಳವಣಿಗೆಯೂ ಕುಂಠಿತವಾಗುತ್ತದೆ. ಕಾಂಪೋಸ್ಟ್ ಡಬ್ಬಕ್ಕೆ ಒಣ ಎಲೆಯ ಜೊತೆ ಹಾಕಿ ಗೊಬ್ಬರವಾದ ಮೇಲೆ ಬಳಸಿದರೆ ಒಳ್ಳೆಯದು.

ಉತ್ತರ ಕೊಟ್ಟವರ ಹಳೇ ಪೋಸ್ಟುಗಳನ್ನೂ ತೆರೆದು ನೋಡಿ. ಅವರ ತೋಟದ ಫೋಟೊಗಳಿವೆಯಾ, ಬೇರೆಯವರಿಗೆ ಹೇಳಿದ ಉತ್ತರ ಕೆಲಸ ಮಾಡಿದೆಯಾ. ಫೇಸ್‌ಬುಕ್ ಗ್ರೂಪಿನಲ್ಲಿ ಹೆಸರಿನ ಮುಂದೆ ‘ಟಾಪ್’ ಅಂತ ಗುರುತು ಇರುವುದು ಹೆಚ್ಚು ಬರೆಯುತ್ತಾರೆ ಅನ್ನುವುದಕ್ಕಷ್ಟೇ ಸಾಕ್ಷಿ. ನಮ್ಮಲ್ಲಿ ಅಪರೂಪಕ್ಕೆ ಬರೆಯುವ ಒಬ್ಬರು ಹಿರಿಯರಿದ್ದಾರೆ, ಹಿಂದೆ ತೋಟಗಾರಿಕೆ ಇಲಾಖೆಯಲ್ಲಿದ್ದವರು. ಎಲ್ಲರೂ ಅವರನ್ನು ಸರ್ ಅಂತಲೇ ಕರೆಯುವುದು. ಹತ್ತು ಜನ ಹತ್ತು ಔಷಧಿ ಬರೆದ ಮೇಲೆ ಅವರು ಬಂದು “ಏನೂ ಹಾಕಬೇಡಿ, ಒಂದು ವಾರ ಬಿಡಿ” ಅಂತ ಒಂದೇ ಸಾಲು ಬರೆಯುತ್ತಾರೆ. ಏನೂ ಮಾಡಬೇಡಿ ಅನ್ನುವ ಸಲಹೆಗೂ ಅಷ್ಟೇ ಬೆಲೆ ಕೊಡಿ.

ಒಪ್ಪಿಗೆಯಾದ ಸಲಹೆಯನ್ನು ಒಂದೊಂದಾಗಿ ಮಾಡಿ. ಒಂದೇ ಸಂಜೆ ಬೇವಿನ ಎಣ್ಣೆ, ಹುಳಿಮಜ್ಜಿಗೆ, ಜೀವಾಮೃತ ಮೂರನ್ನೂ ಮಾಡಿದರೆ ಗಿಡ ಚೇತರಿಸಿದರೂ ಯಾವುದರಿಂದ ಅಂತ ತಿಳಿಯುವುದಿಲ್ಲ. ಐದು ಕುಂಡ ಇದ್ದರೆ ಮೊದಲು ಎರಡಕ್ಕೆ ಮಾತ್ರ ಮಾಡಿ ನೋಡಿ.

ರಾಸಾಯನಿಕದ ಹೆಸರು ಬಂದಲ್ಲಿ ನಾನು ಗಟ್ಟಿಯಾಗಿ ಹೇಳುವ ಮಾತೊಂದಿದೆ. ಗ್ರೂಪಿನಲ್ಲಿ ಯಾರೋ ಬರೆದರು, ಬೀಜದಂಗಡಿಯಲ್ಲಿ ಸಿಕ್ಕಿತು ಅನ್ನುವುದು ತಿನ್ನುವ ಗಿಡಕ್ಕೆ ಹೊಡೆಯಲು ಸಾಕಾದ ಕಾರಣ ಅಲ್ಲ. ಮೊನೊಕ್ರೊಟೊಫಾಸ್ ಅನ್ನುವ ಕೀಟನಾಶಕವನ್ನು ತರಕಾರಿಗೆ ಬಳಸುವುದನ್ನು ನಮ್ಮ ದೇಶದಲ್ಲಿ 2005ರಲ್ಲೇ ನಿಷೇಧಿಸಿದ್ದಾರೆ. ಆ ಹೆಸರು ಆಮೇಲೂ ಎಷ್ಟೋ ವರ್ಷ ಬಾಯಿಂದ ಬಾಯಿಗೆ ಹರಿದಾಡುತ್ತಲೇ ಇತ್ತು. ಇಂಥ ಹೊತ್ತಿನಲ್ಲಿ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಬೀಜ, ಸೂಕ್ಷ್ಮಜೀವಿ ಗೊಬ್ಬರಗಳೂ ನಮಗೆ ಹತ್ತಿರದಲ್ಲೇ ಸಿಗುತ್ತವೆ. ಅವರ ಅರ್ಕಾ ರಕ್ಷಕ್ ಟೊಮೇಟೊ ಎಲೆ ಮುಟುರು ವೈರಸ್ಸು, ದುಂಡಾಣು ಸೊರಗು, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆಯುವ ಹೈಬ್ರಿಡ್. ಹೈಬ್ರಿಡ್ ಆದ್ದರಿಂದ ಅದರ ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ಸಲ ಹಾಕಿದರೆ ಅದೇ ಗುಣ ಬರುವುದಿಲ್ಲ.

ಪುಸ್ತಕದಲ್ಲೂ ಸಂಸ್ಥೆಯ ಕರಪತ್ರದಲ್ಲೂ ಇದ್ದು, ನಮ್ಮ ಕಣ್ಣಿಗೆ ಬೀಳದೆ ಹೋಗುವ ಸಂಗತಿಗಳನ್ನು ಸರಿಯಾದ ಗಳಿಗೆಗೆ ನೆನಪಿಸುವುದು ಗ್ರೂಪಿನಿಂದ ಮಾತ್ರ ಸಾಧ್ಯ ಅನ್ನಿಸಿದ್ದು ಹೀರೆಕಾಯಿ ವಿಷಯದಲ್ಲಿ. “ಮಿಡಿ ಬರತ್ತೆ, ಹೆಬ್ಬೆರಳಷ್ಟಾಗಿ ಹಳದಿಯಾಗಿ ಉದುರತ್ತೆ” ಅಂತ ಬಸವನಗುಡಿಯ ಒಬ್ಬರು ಬರೆದಿದ್ದರು. ಪರಾಗಸ್ಪರ್ಶ ಆಗುತ್ತಿಲ್ಲ, ಕೈಯಲ್ಲಿ ಮಾಡಿ ಅಂತ ಎಲ್ಲರೂ ಹೇಳಿದರು. ಅವರು ಬೆಳಗ್ಗೆ ಬೆಳಗ್ಗೆ ಹೋಗಿ ಮಾಡಿದರು, ಆದರೂ ಉದುರಿತು. ಆಗ ಜೆ.ಪಿ. ನಗರದ ಒಬ್ಬರು ಅಜ್ಜಿ ವಾಯ್ಸ್ ಮೆಸೇಜ್ ಹಾಕಿದರು: “ಹೀರೆ ಹೂವು ಸಂಜೆ ಅರಳೋದು ಕಣಮ್ಮ. ದೀಪ ಹಚ್ಚೋ ಹೊತ್ತಿಗೆ ಹೋಗಿ ಮಾಡು.” ಅಷ್ಟೇ. ಕುಂಬಳದ ಹೂ ಬೆಳಗ್ಗೆ ಅರಳುತ್ತದೆ. ಹೀರೆ, ಸೋರೆ ಸಂಜೆ. ಸಪೂರ ತೊಟ್ಟಿನದು ಗಂಡು ಹೂ, ಬುಡದಲ್ಲಿ ಎಳೇ ಮಿಡಿ ಇರುವುದು ಹೆಣ್ಣು. ಗಂಡು ಹೂವಿನ ಎಸಳು ಬಿಡಿಸಿ, ಹಳದಿ ಪುಡಿ ಇರುವ ನಡುಭಾಗವನ್ನು ಹೆಣ್ಣು ಹೂವಿನ ಮಧ್ಯಕ್ಕೆ ಮೆತ್ತಗೆ ಸವರಬೇಕು. ಸರಿಯಾಗಿ ಕಚ್ಚಿಕೊಂಡಿದ್ದರೆ ಎರಡು-ಮೂರು ದಿನದಲ್ಲಿ ಮಿಡಿ ಹಸಿರಾಗೇ ಉಳಿದು ಉದ್ದವಾಗುತ್ತದೆ.

ಗ್ರೂಪಿಗೆ ಒಪ್ಪಿಸಬಾರದ ಪ್ರಶ್ನೆಗಳು

ಮಳೆಗಾಲದಲ್ಲಿ ಕುಂಡದಲ್ಲಿ ಅಣಬೆ ಏಳುತ್ತದೆ. “ಇದು ತಿನ್ನಬಹುದಾ?” ಅಂತ ಫೋಟೊ ಹಾಕುತ್ತಾರೆ. ನಮ್ಮ ಗ್ರೂಪಿನಲ್ಲಿ ಆ ಪ್ರಶ್ನೆಗೆ ಯಾರೂ ಹೌದು ಅನ್ನಕೂಡದು ಅಂತ ನಿಯಮ ಮಾಡಿದ್ದೇವೆ. ಫೋಟೊ ನೋಡಿ ಹೇಳಿದ ಮಾತಿನ ಮೇಲೆ ಅಣಬೆಯನ್ನಾಗಲಿ ಗುರುತು ಗೊತ್ತಿಲ್ಲದ ಸೊಪ್ಪನ್ನಾಗಲಿ ಬಾಯಿಗೆ ಹಾಕಬೇಡಿ. ಟೆರೇಸ್ ಎಷ್ಟು ಭಾರ ತಡೆಯುತ್ತದೆ, ಸೀಲಿಂಗಿನಲ್ಲಿ ಒದ್ದೆ ಕಾಣುತ್ತಿದೆ, ಇನ್ನೆರಡು ಸಾಲು ಕುಂಡ ಇಡಬಹುದಾ ಅನ್ನುವುದನ್ನು ಕಟ್ಟಡ ಕಣ್ಣಾರೆ ನೋಡುವ ಎಂಜಿನಿಯರ್ ಹೇಳಬೇಕು. ಸಕ್ಕರೆ ಕಾಯಿಲೆಗೆ ಯಾವ ಎಲೆ ಅನ್ನುವುದು ಡಾಕ್ಟರ ಪ್ರಶ್ನೆ.

ಇನ್ನು ಮಾರಾಟಗಾರರು. ನೀವು ಪ್ರಶ್ನೆ ಹಾಕಿದ ಹತ್ತು ನಿಮಿಷಕ್ಕೆ ಖಾಸಗಿಯಾಗಿ ಮೆಸೇಜ್ ಮಾಡಿ ಬಾಟಲಿ ಮಾರಲು ಬರುವವರನ್ನು ದೂರ ಇಡಿ. ಒಳ್ಳೇ ಉತ್ತರ ಕೊಡುವವರು ಎಲ್ಲರ ಮುಂದೆಯೇ ಕೊಡುತ್ತಾರೆ, ತಪ್ಪಿದ್ದರೆ ಉಳಿದವರು ತಿದ್ದುತ್ತಾರೆ. ನೀಲಿ ಗುಲಾಬಿಯ ಬೀಜ, ಏಳು ಬಣ್ಣದ ಗುಲಾಬಿಯ ಬೀಜ ಅಂತ ಚಿತ್ರ ತೋರಿಸಿ ಮಾರುವವರಿಗೆ ದುಡ್ಡು ಕಳಿಸಬೇಡಿ. ಗುಲಾಬಿಯ ತಳಿಗಳನ್ನು ಬೆಳೆಸುವುದು ಕಡ್ಡಿಯಿಂದ, ಕಣ್ಣು ಕಸಿಯಿಂದ. ಅಂಥ ನೀಲಿ ಬಣ್ಣ ಬೀಜದ ಪೊಟ್ಟಣದಲ್ಲಿ ಬರುವುದಿಲ್ಲ. ಟೆರೇಸಿನ ಫೋಟೊದಲ್ಲಿ ಪಕ್ಕದ ಮನೆ, ಗೇಟಿನ ನಂಬರು ಬರದಂತೆ ನೋಡಿಕೊಳ್ಳಿ. ಊರಿಗೆ ಹೋಗುತ್ತಿದ್ದೇವೆ, ಹದಿನೈದು ದಿನ ನೀರು ಹಾಕುವವರಿಲ್ಲ ಅನ್ನುವ ಪ್ರಶ್ನೆಯನ್ನು ದೊಡ್ಡ ಗ್ರೂಪಿನಲ್ಲಿ ತಾರೀಖು ಸಮೇತ ಹಾಕಬೇಡಿ; ಗುರುತಿನವರ ಚಿಕ್ಕ ಗ್ರೂಪಿನಲ್ಲಿ ಕೇಳಿ.

ಆಮೇಲೆ ಏನಾಯಿತು, ಹೇಳಿ

ನನಗೆ ಇದು ಬಹಳ ಮುಖ್ಯ. ಉತ್ತರ ತಗೊಂಡವರಲ್ಲಿ ಹೆಚ್ಚಿನವರು ಥ್ಯಾಂಕ್ಸ್ ಹೇಳಿ ಹೋಗಿಬಿಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಆ ಔಷಧಿ ಕೆಲಸ ಮಾಡಿತೋ ಇಲ್ಲವೋ ಯಾರಿಗೂ ತಿಳಿಯುವುದಿಲ್ಲ. ಎರಡು ಮೂರು ವಾರ ಬಿಟ್ಟು, ಹೊಸ ಪೋಸ್ಟ್ ಮಾಡದೆ, ಅದೇ ಹಳೇ ಪ್ರಶ್ನೆಯ ಕೆಳಗೆ ಬನ್ನಿ. “ನೀರು ಹದಕ್ಕೆ ತಂದೆ, ಮಣ್ಣಿಗೆ ಒಣ ಎಲೆ ಮುಚ್ಚಿದೆ, ಮುಂದಿನ ಗೊಂಚಲಿನಲ್ಲಿ ಕಾಯಿ ಚೆನ್ನಾಗಿದೆ” ಅಂತ ಎರಡು ಸಾಲು, ಒಂದು ಫೋಟೊ. ಕೆಲಸ ಮಾಡಲಿಲ್ಲವಾದರೆ ಅದನ್ನಂತೂ ಖಂಡಿತ ಬರೆಯಿರಿ. ಮುಂದಿನ ವರ್ಷ ಅದೇ ತೊಂದರೆ ಬಂದು ಹುಡುಕುವವರಿಗೆ ನಿಮ್ಮ ಆ ಎರಡು ಸಾಲು ಹತ್ತು ಸಲಹೆಗಳಿಗಿಂತ ಹೆಚ್ಚು ಉಪಯೋಗ. ಹೇಳಿದವರಿಗೂ ತಮ್ಮ ಮಾತು ಎಲ್ಲಿ ಸರಿ, ಎಲ್ಲಿ ಅಲ್ಲ ಅಂತ ತಿಳಿಯುತ್ತದೆ. ನಮ್ಮ ಗ್ರೂಪಿನಲ್ಲಿ ಇಂಥ ಉತ್ತರಗಳನ್ನು ತಿಂಗಳಿಗೊಮ್ಮೆ ಸೇರಿಸಿ, ಗಿಡದ ಹೆಸರಿನ ಪ್ರಕಾರ ಒಂದು ಕಡತ ಮಾಡಿ ಇಡುತ್ತೇವೆ. ಹೊಸಬರಿಗೆ ಮೊದಲು ಕೊಡುವುದು ಅದನ್ನೇ.

ನಿಮಗೆ ಗೊತ್ತಿರುವ ಒಂದು ಗಿಡದ ಪ್ರಶ್ನೆ ಬಂದಾಗ ನೀವೂ ಹೇಳಿ. ಎಲ್ಲ ಗೊತ್ತಿರಬೇಕಿಲ್ಲ. “ನಮ್ಮಲ್ಲಿ ಬೋರ್ ನೀರು, ಪೂರ್ವದ ಬಿಸಿಲು, ಹೀಗೆ ಮಾಡಿದಾಗ ಹೀಗಾಯಿತು” ಅಂತ ನಿಮ್ಮ ತೋಟದ ಮಟ್ಟಿಗೆ ಹೇಳಿದರೆ ಓದುವವರು ತಮ್ಮದಕ್ಕೆ ಹೋಲಿಸಿಕೊಳ್ಳುತ್ತಾರೆ.

ಫೋನಿನಿಂದ ಆಚೆ

ಗಿಡದ ಮಾತನ್ನು ಗಿಡದ ಮುಂದೆ ನಿಂತು ಆಡುವುದರ ಸುಖವೇ ಬೇರೆ. ಮೇಳಗಳಿಗೆ, ಬೀಜ ವಿನಿಮಯಕ್ಕೆ ಹೋಗಿ. ಲಾಲ್‌ಬಾಗಿನಲ್ಲಿ ಜನವರಿ ಮತ್ತು ಆಗಸ್ಟ್‌ನ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಎಷ್ಟೋ ಗ್ರೂಪುಗಳವರು ಗೇಟಿನ ಹತ್ತಿರ ಸೇರುತ್ತಾರೆ. ನವೆಂಬರ್ ಸುಮಾರಿಗೆ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಕೃಷಿ ಮೇಳ ಇರುತ್ತದೆ. ತಳಿ ಬೆಳೆಸಿದವರನ್ನೇ ನೇರ ಕೇಳಬಹುದು, ಬೀಜವೂ ಸಿಗುತ್ತದೆ. ಗ್ರೂಪಿನಲ್ಲಿ ಬರೀ ಹೆಸರಾಗಿದ್ದವರ ಮುಖ ನೋಡಿದ ಮೇಲೆ ಮುಂದಿನ ಪ್ರಶ್ನೆ ಕೇಳುವುದು ಸಲೀಸು, ಅವರು ಕೊಟ್ಟ ಉತ್ತರವನ್ನು ತೂಗುವುದೂ ಸಲೀಸು.

ಬೀಜ ಕೊಡುವುದಾದರೆ ಹೀಗೆ ಕೊಡಿ. ಗಿಡದಲ್ಲೇ ಪೂರ್ತಿ ಒಣಗಿದ ಕಾಯಿಯದು, ನೆರಳಿನಲ್ಲಿ ಇನ್ನೊಂದು ವಾರ ಆರಿಸಿದ್ದು. ಪ್ಲಾಸ್ಟಿಕ್ ಬೇಡ, ಕಾಗದದ ಪೊಟ್ಟಣ. ಅದರ ಮೇಲೆ ಗಿಡದ ಹೆಸರು, ನಾಟಿಯೋ ಹೈಬ್ರಿಡ್ಡೋ, ಬೀಜ ಎತ್ತಿದ ತಿಂಗಳು ಮತ್ತು ವರ್ಷ, ಯಾವ ತಿಂಗಳಲ್ಲಿ ಬಿತ್ತಬೇಕು, ನಿಮ್ಮ ಬಡಾವಣೆ ಯಾವುದು. ಅವರೆ ಪೊಟ್ಟಣದ ಮೇಲೆ ‘ಮುಂಗಾರಿನಲ್ಲೇ ಹಾಕಿ’ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.